ಸೂಜಿಗೆ ರಜೆ

ಇಪ್ಪತ್ಮೂರರ ರಾತ್ರಿ ಹನ್ನೊಂದೂವರೆಗೆ
ಕೊನೆಯ ಫ್ರಾಕಿಗೆ ಕೊನೆಯ ಹುಕ್ಕು ಹಾಕಿ
ಹಲ್ಲಲ್ಲೇ ನೂಲು ಕಡಿದೆ.
ಕಂಕನಾಡಿಯ ಅಂಗಡಿಗೆ ಶಟರು ಎಳೆದು
ಕುಲಶೇಖರದ ಮನೆಗೆ ಬಂದು ಹೇಳಿದೆ:
ನಾಳೆ ಇಲ್ಲಿ ಸೂಜಿ ಮುಟ್ಟಿದವರಿಗೆ
ಕುಲ್‌ಕುಲ್ ಇಲ್ಲ.

ಬೆಳಗಾಗುವಾಗ ಮಕ್ಕಳು ಹಾಸಿಗೆಯ ಬುಡದಲ್ಲೇ ನಿಂತಿದ್ದಾರೆ.
ಗೋದಲಿಗೆ ಮಣ್ಣು ಬಂದಾಗಿದೆ,
ಗೆರಟೆಯಲ್ಲಿ ರಾಗಿ ಮೊಳೆತಾಗಿದೆ,
ಇವರು ಜಗಲಿಯಲ್ಲಿ ಬಿದಿರು ಸೀಳುತ್ತಾ
ನಕ್ಷತ್ರಕ್ಕೆ ಐದು ಮೂಲೆಯೋ ಆರೋ ಎಂದು ತಮ್ಮಷ್ಟಕ್ಕೆ ಜಗಳ.
ಬೊಂಬೆಗಳ ಪೆಟ್ಟಿಗೆ ಮಾತ್ರ
ಮಳೆಗಾಲದಲ್ಲಿ ಅಟ್ಟದ ಸೋರಿಕೆಗೆ ಸಿಕ್ಕಿ
ಜೋಸೆಫರಿಗೆ ಮುಖವಿಲ್ಲ, ಕುರಿಗಳೆಲ್ಲ ಒಂದೇ ಮುದ್ದೆ.
"ಮಮ್ಮಿ, ಈಗ ಎಂತ ಮಾಡುವುದು?"

ಎಂತ ಮಾಡುವುದೆಂದರೆ,
ಕಪಾಟಿನ ಕೆಳಗಿನ ಖಾನೆ ತೆಗೆಯುವುದು.
ಇಲಾಸ್ಟಿಕ್ ಸತ್ತ ಶಾಲೆಯ ಸಾಕ್ಸುಗಳು,
ಶನಿವಾರದ್ದು ಬಿಳಿ, ಉಳಿದದ್ದು ಬೂದಿ;
ಜೋಡಿ ಕಳಕೊಂಡವಕ್ಕೆ ಮೊದಲ ಸರದಿ.
ಒಂದೊಂದಕ್ಕೆ ಒಂದು ಲೋಟ ಕುಚ್ಚಲಕ್ಕಿ.
ಹಿಮ್ಮಡಿಯವರೆಗೆ ತುಂಬಿ ರಬ್ಬರ್ ಬ್ಯಾಂಡ್ ಬಿಗಿದರೆ ಹೊಟ್ಟೆ,
ಇನ್ನರ್ಧ ಹಿಡಿ ಹಾಕಿ ಮತ್ತೊಂದು ಬಿಗಿದರೆ ತಲೆ,
ಮೇಲೆ ಉಳಿದದ್ದನ್ನು ಮಡಚಿಬಿಟ್ಟರೆ ಟೊಪ್ಪಿ.
ಇಷ್ಟಕ್ಕೆ ಯಾರೂ ಟೈಲರ್ ಆಗಬೇಕಾಗಿಲ್ಲ.

ಪಕ್ಕದ ಮನೆಯ ನೌಫಲ್ ಬಂದ,
ಬಾಪನ ಹೋಟೆಲಿನ ಪಾರ್ಸೆಲ್ ರಬ್ಬರ್ ಬ್ಯಾಂಡು ಒಂದು ಮುಷ್ಟಿ.
ಅಂಗಡಿಯ ಚಿಂದಿಗೋಣಿ ಬಿಚ್ಚಿದೆವು. ಕತ್ತರಿ, ಗೋಂದು, ಸಾಕು.
ಜೋಸೆಫರಿಗೆ ವನಜ ಟೀಚರ ರವಿಕೆಯ ಅಸ್ತರು,
ಮರಿಯಮ್ಮನಿಗೆ ನರ್ಸ್ ಡೋರತಿಯ ನೀಲಿ ದುಪಟ್ಟಾದ ಅಂಚು,
ಒಬ್ಬ ರಾಯನಿಗೆ ನೌಫಲನ ಅಕ್ಕನ ಮದುವೆಯ ಜರಿ.
"ಇದು ನಮ್ಮದು" ಎಂದ ಹುಡುಗ
ಆಮೇಲೆ ಆ ರಾಯನನ್ನು ಕೆಳಗಿಡಲೇ ಇಲ್ಲ.
ಕುರಿಗೆ ಹತ್ತಿ, ಕಣ್ಣಿಗೆ ಕಾಳುಮೆಣಸು.
ಒಂದು ಕುರಿಗೆ ಮೂರು ಕಣ್ಣು ಬಂತು. ಇರಲಿ, ಬಿಟ್ಟೆ.

ಅಷ್ಟರಲ್ಲಿ ಒಬ್ಬ ಕುರುಬನ ಹೆಬ್ಬೆರಳಲ್ಲಿ ತೂತು,
ಸರ್ರನೆ ಅಕ್ಕಿ.
ನನ್ನ ಕೈ ತಾನಾಗಿ ನೈಟಿಯ ಕೊರಳಿಗೆ ಹೋಯಿತು,
ಅಲ್ಲಿ ಯಾವಾಗಲೂ ಒಂದು ಸಿಕ್ಕಿಸಿಕೊಂಡಿರುತ್ತೇನೆ.
"ಕುಲ್‌ಕುಲ್ ಇಲ್ಲ!" ಸೆಲ್ವಿನ್ ಕೂಗಿದ.
ಇಪ್ಪತ್ತು ವರ್ಷದ ಕೈ ಮಾರಾಯಾ,
ಅದಕ್ಕೆ ಹಬ್ಬ ಎಂದು ಗೊತ್ತಾಗುವಾಗ ತಡವಾಗುತ್ತದೆ.
ತೂತನ್ನೇ ಹಿಂಡಿ ಗಂಟು ಹಾಕಿದೆ.
ಕುರುಬ ಕುಂಟನಾದ;
ಊರುಗೋಲಿಗೆ ಹಿಡಿಸೂಡಿಯ ಕಡ್ಡಿ.

ಬಾಲಯೇಸುವಿನ ಹೊತ್ತಿಗೆ ಗೋಂದೂ ಮುಗಿದಿತ್ತು, ತಾಳ್ಮೆಯೂ.
ಒಂದು ಹುಣಸೆಬೀಜಕ್ಕೆ ಬಿಳಿ ಮಲ್ಲು ಸುತ್ತಿದೆ, ಅಷ್ಟೇ.
ಮಿರಮಿರ ಕಪ್ಪು ಮುಖ, ಥೇಟು ನನ್ನ ಮಾವ.
ಮಲಗಿಸುವುದೆಲ್ಲಿ?
ಬೆಂಕಿಪೆಟ್ಟಿಗೆ ಎಂದ ಒಬ್ಬ, ಸೋಪಿನ ಡಬ್ಬಿ ಎಂದ ಇನ್ನೊಬ್ಬ.
ಜೆನಿಟಾಳಿಗೆ ನಾಲ್ಕು ವರ್ಷ, ಬೆಳಗಿನಿಂದ
ಚೆಲ್ಲಿದ ಅಕ್ಕಿ ಹೆಕ್ಕುವುದು ಬಿಟ್ಟರೆ ಬೇರೆ ಕೆಲಸ
ಯಾರೂ ಕೊಟ್ಟಿರಲಿಲ್ಲ.
ಅವಳು ನನ್ನ ಬ್ಯಾಗಿಗೆ ಕೈಹಾಕಿ
ಅಂಗುಸ್ತಾನ ತಂದಳು, ನನ್ನ ಬೆರಳಿನ ಹಿತ್ತಾಳೆ ಟೊಪ್ಪಿ.
"ಇದಕ್ಕೂ ರಜೆ ಅಲ್ವಾ?"
ಮಗು ಅದರಲ್ಲಿ ಮಲಗಲಿಲ್ಲ. ನೆಟ್ಟಗೆ ಕುಳಿತು
ತಲೆ ಹೊರಗೆ ಹಾಕಿ ನೋಡಿತು,
ಶಾಲೆ ವ್ಯಾನಿನ ಕಿಟಕಿ ಸೀಟು ಸಿಕ್ಕಿದವರ ಹಾಗೆ.

ಇಪ್ಪತ್ತಾರಕ್ಕೆ ಅಂಗಡಿ ತೆರೆದೆ.
ನ್ಯೂ ಇಯರಿನ ಗೌನು, ದಪ್ಪ ವೆಲ್ವೆಟ್ಟು, ಬರಿಬೆರಳು.
ಉಳಿದ ಜರಿಚೂರನ್ನು ಎರಡು ಸುತ್ತು ಸುತ್ತಿ
ಮೇಲೆ ನೌಫಲನ ರಬ್ಬರ್ ಬ್ಯಾಂಡು.
"ಗಾಯವಾ ಲವೀನಾ ಬಾಯಿ?" ಕೇಳಿದರು ಗೌನಿನವರು.
ಅಲ್ಲ, ಟೊಪ್ಪಿ ಮನೆಯಲ್ಲುಂಟು, ಎಂದೆ,
ಮೂರು ರಾಯರ ಹಬ್ಬದವರೆಗೆ ಅದರಲ್ಲಿ ಜನ ಉಂಟು.
ಆಮೇಲೆ ರಾಯರ ಹೊಟ್ಟೆಯ ಅಕ್ಕಿ ಕೋಳಿಗಳಿಗೆ,
ಸಾಕ್ಸು ನೆಲ ಒರೆಸಲಿಕ್ಕೆ,
ಅದು ನನಗೆ.