ಹಕಾರ

ಬೆಳಗಿನ ಆರೂವರೆಗೆ, ನಲವತ್ತು ಮೀಟರಿನ ಬ್ಯಾಂಡಿನಲ್ಲಿ
ಅಕ್ಕಲಕೋಟೆಯ ಅಣ್ಣಾರಾಯರು ಹೇಳಿದರು:
"ಕೆಂಪಾಚಾರ್ರೀ, ಸಿಗ್ನಲ್ ಚಲೋ ಅದ,
ಆದ್ರ ನಿಮ್ಮ ಸೆಟ್ಟು ಹಕಾರ ನುಂಗ್ತದ.
ಹಾಲು ಕಾಸೀನಿ ಅಂದ್ರಿ, ನನಗ ಆಲು ಅಂತ ಕೇಳ್ತು.
ಮುಂಬೈದಾಗ ಆಲೂಗಡ್ಡಿ ಕಾಸ್ಕೊಂಡು ಕುಡೀತೀರೇನು?"

ಸೆಟ್ಟು ಮೊದಲು ಸಮುದ್ರದ್ದು.
ಸಸೂನ್ ಡಾಕಿನ ಯಾವುದೋ ಟ್ರಾಲರಿನಿಂದ ಇಳಿದು
ಲ್ಯಾಮಿಂಗ್ಟನ್ ರಸ್ತೆಯ ಗುಜರಿಯಲ್ಲಿ ಮಲಗಿತ್ತು.
ಮುಚ್ಚಳ ಬಿಚ್ಚಿದರೆ ಇವತ್ತಿಗೂ ಬೊಂಬಿಲ್ ವಾಸನೆ,
ಸ್ಕ್ರೂಗಳ ತಲೆಯ ಮೇಲೆ ಉಪ್ಪಿನ ಹಸಿರು.
ಕಾಯಿಲಿನಿಂದ ಎಂಟು ಸುತ್ತು ಕಳೆದು
ಹವ್ಯಾಸಿಗಳ ಬ್ಯಾಂಡಿಗೆ ಎಳೆದು ತಂದವನು ನಾನೇ.
ಹಾಗಾಗಿ ತಪ್ಪು ಅದರದಾದರೆ ನನ್ನದೇ.

ಭಾನುವಾರ. ಕುರ್ಲಾ ಚಾಳಿನ ಒಂದೇ ಕೋಣೆ.
ಚಪಾತಿ ಪರಾತದಲ್ಲಿ ಸೆಟ್ಟನ್ನು ಬೋರಲು ಹಾಕಿ ಕೂತೆ.
ಮೈಕಿನ ದಾರಿಯಲ್ಲಿದ್ದ ಕೆಪಾಸಿಟರು
ಹೆಸರುಕಾಳಿನಷ್ಟೇ ಇದ್ದರೂ
ಗಂಟಲಿನ ಗುಡುಗನ್ನೆಲ್ಲ ಒಳಗೆ ಬಿಡುತ್ತಿತ್ತು;
ಕಿತ್ತು, ಕಡಿಮೆ ಬೆಲೆಯದನ್ನು ಬೆಸೆದೆ.
ವೈರಿಗೆ ಫೆರೈಟಿನ ಕರಿಮಣಿ ಪೋಣಿಸಿದೆ,
ನನ್ನದೇ ಅಲೆ ಸುತ್ತಿ ಬಂದು ನನ್ನ ಮೈಕಿಗೆ ನುಗ್ಗದಿರಲೆಂದು.
ಮಳವಳ್ಳಿಯಲ್ಲಿ ಅಪ್ಪ ಕಿವಿಯೋಲೆಗೆ ಊದುತ್ತಾ ಹೇಳುತ್ತಿದ್ದ:
"ಬೆಸುಗೆ ಒಳೀಬೇಕು ಮಗ,
ಬೂದಿಬಣ್ಣ ಬಂತೋ, ಇಡಿದಿಲ್ಲ ಅಂತ."

ಕ್ರಿಸ್ಟಲ್ ಫಿಲ್ಟರಿನ ಕಿಂಡಿ ಬಲು ಕಿರಿದು,
ಎರಡೂಕಾಲು ಕಿಲೋಹರ್ಟ್ಸು ಅಷ್ಟೇ.
ಇಡೀ ಮನುಷ್ಯ ಅದರಲ್ಲಿ ಓರೆಯಾಗಿ ತೂರಬೇಕು
ಎಂಟೂಕಾಲಿನ ಲೋಕಲ್ಲಿಗೆ ಹತ್ತುವ ಹಾಗೆ,
ಒಂದು ಭುಜ ಆಚೆಗೇ ಉಳಿದರೂ ಸರಿ.
ಟ್ರಿಮ್ಮರನ್ನು ಕೂದಲೆಳೆ ಎಡಕ್ಕೆ ತಿರುಗಿಸಿದರೆ ಬಾವಿ.
ಬಲಕ್ಕೆ, ತಗಡು.
ನಡುವೆ ಎಲ್ಲೋ ನಾನು.
ಗೇನ್ ಇಳಿಸಿದೆ. ಕೂಗಿದರೆ ದನಿ ಹರಿದುಹೋಗುತ್ತದೆಯೇ ಹೊರತು
ದೂರ ಹೋಗುವುದಿಲ್ಲ;
ಇದು ತಿಳಿಯಲು ನನಗೆ ಸೆಟ್ಟೇ ಬೇಕಾಯಿತು.

ಸಂಜೆ ಅಣ್ಣಾರಾಯರು: "ವಾಹ್! ಗುಂಯ್ ಅನ್ನೋದು ಹೋತು.
ಸ ಬ್ಯಾರೆ, ಶ ಬ್ಯಾರೆ. ಹಿಂದ ಕುಕ್ಕರ್ ಸೀಟಿ ಎಣಿಸೀನಿ, ಮೂರು.
ಹಕಾರ ಮಾತ್ರ ಇನ್ನೂ ಇಲ್ರಿ."

ಮೂಲೆಯಲ್ಲಿ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದ ದೇವೀರಿ
ತಲೆ ಎತ್ತಲಿಲ್ಲ.
"ಸೆಟ್ಟಲ್ಲ ಅಪ್ಪ. ನೀನು.
ಮೊನ್ನೆ ನೀನು ಹೇಳಿ ಬರೆಸಿದ್ದಕ್ಕೇ
ನಮ್ಮ ಟೀಚರ್ ಹತ್ತಕ್ಕೆ ಮೂರು ಕೊಟ್ಟಿದ್ದು.
ಹಕ್ಕಿ ಹಾರಿತು ಅನ್ನೋದನ್ನ
ಅಕ್ಕಿ ಆರಿತು ಅಂತ ಬರೆದಿದ್ದೆ."

ಬೆಸುಗೆಕಡ್ಡಿ ಹೊಗೆ ಬಿಡುತ್ತಾ ಕೂತಿತ್ತು.
ಬರೆಯುವಾಗ ಕೈಗೆ ಬರುವ ಅಕ್ಷರ
ಬಾಯಿಗೆ ಯಾವತ್ತೂ ಬಂದಿಲ್ಲ.
ಐವತ್ತೆರಡು ವರ್ಷ, ನನಗೆ ಕೇಳಿಸಿಯೂ ಇಲ್ಲ.
ಅವ್ವನಲ್ಲಿ ಇರಲಿಲ್ಲ. ಅಪ್ಪನಲ್ಲಿ ಇರಲಿಲ್ಲ.
ನಮ್ಮ ಕೇರಿಗೆ ಕೇರಿಯೇ ಅದಿಲ್ಲದೆ
ಹಸಿದು, ಹಾಡಿ, ಹೆತ್ತು, ಹೂತು, ಹೋಯಿತು.
ನಾನು ಸುಮ್ಮನೆ
ಟ್ರಾಲರಿನ ಹೊಟ್ಟೆಯಲ್ಲಿ ಹುಡುಕುತ್ತಿದ್ದೆ.

ಮರುದಿನ ಆರೂವರೆಗೆ ಎಲ್ಲ ಒಪ್ಪಿಕೊಂಡೆ.
ಆ ಕಡೆ ಮೌನ. ಎಲ್ಲೋ ಘಟ್ಟದ ಮೇಲೆ ಮಿಂಚಿರಬೇಕು,
ಸ್ಪೀಕರಿನಲ್ಲಿ ಹುರಿಗಡಲೆ ಸಿಡಿದ ಸದ್ದು.
ಆಮೇಲೆ ಅವರು, ಸಾವಕಾಶ:
"ಸೈಡ್‌ಬ್ಯಾಂಡಿನ್ಯಾಗ ಕ್ಯಾರಿಯರ್ ಕಳಸ್ತೀವೇನ್ರಿ?
ಅಲ್ಲೇ ಅದುಮಿ ಇಡ್ತೀವಿ.
ಕೇಳೋನು ತನ್ನ ಮನೀದು ಕೂಡಿಸ್ಕೊಂತಾನ.
ಮಾತಾಡ್ರಿ ನೀವು. ಹಕಾರ ನಾ ಹಾಕ್ಕೊಂತೀನಿ."

ಮೈಕಿನ ಗುಂಡಿ ಒತ್ತಿದೆ.
ಏನೋ ಒಂದು ಹೇಳಬೇಕಿತ್ತು, ದೊಡ್ಡದು.
ಅಷ್ಟರಲ್ಲಿ ಭೈಯ್ಯಾ ಕ್ಯಾನು ಇಳಿಸಿ ಬಾಗಿಲು ತಟ್ಟಿದ.
"ಆಲು ಬಂತು," ಅಂದೆ ಒಳಗೆ ತಿರುಗಿ,
ಗುಂಡಿಯಿಂದ ಹೆಬ್ಬೆರಳು ತೆಗೆಯದೆ.