ಚೆನ್ನಾಗಿತ್ತು

ಡುಲೂತ್ ಊರಿನ ಹೆದ್ದಾರಿ ಬದಿ, ಟೈರಿನಂಗಡಿಗೆ ಅಂಟಿಕೊಂಡ
ಇಟಾಲಿಯನ್ ಹೋಟೆಲು. ಗೋಡೆಯ ಮೇಲೆ
ಬಣ್ಣದ ವೆಸೂವಿಯಸ್; ಅದರ ಬಾಯಿಗೇ ಸರಿಯಾಗಿ
ಹೀಟರಿನ ಕಿಂಡಿ.

ಆರ್ಡಿಸ್ ಸಾಸನ್ನು ನಾಲಿಗೆ ತುದಿಗೆ ತಾಗಿಸಿದಳು.
ಡಬ್ಬಿಯದು. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಅಂಥವೇ ಡಬ್ಬಿ ತೆರೆದ ಕೈ.
ಹುಳಿಯೆಂದರೆ ಹುಳಿಯಲ್ಲ, ಸಿಹಿಯೆಂದರೆ ಸಿಹಿಯಲ್ಲ,
ಸ್ಪಗೆಟಿ ಬೆಂದೂ ಬೆಂದೂ ಹಲ್ಲಿಗೆ ಕೆಲಸವಿಲ್ಲ.
ಹೊಟ್ಟೆಗೆ ಹೋಯಿತು ಅನ್ನಬಹುದು,
ಉಂಡೆ ಅನ್ನಲಾಗದು.

ಎದುರಿಗೆ ವೆಂಡೆಲ್, ಒಂದು ಕಾಲದ ಗಂಡ,
ಲಸಾನ್ಯದ ನಡುವೆ ಇನ್ನೂ ತಣ್ಣಗಿದ್ದ ತುಂಡನ್ನು
ತಟ್ಟೆಯಂಚಿಗೆ ಸರಿಸಿ ಸುಮ್ಮನಾದ.
ಹಿಂದೆಲ್ಲ ಕಾಫಿ ಆರಿದ್ದಕ್ಕೇ ಮನೆ ಹೊತ್ತಿಕೊಳ್ಳುತ್ತಿತ್ತು.
ಇವತ್ತು ದೋಣಿ ಮಾರಿದ ಕಾಗದ.
ದೋಣಿಗೆ ಅವಳ ಹೆಸರಿತ್ತು; ಕೊಂಡವನು
ಬೇಸಿಗೆಗೆ ಬೇರೆ ಬಣ್ಣ ಹೊಡೆಸುತ್ತಾನಂತೆ.
ಬೆಳ್ಳುಳ್ಳಿ ಬ್ರೆಡ್ಡಿನ ಎಣ್ಣೆ
ಅವನ ಸಹಿಯ ಮೇಲೆ ಕೂತಿದೆ.

ಹುಡುಗ ಬಂದ. ಟೈ ಅವನ ಅಪ್ಪನದಿರಬೇಕು.
'ಹೇಗಿತ್ತು ಊಟ?'
'ಚೆನ್ನಾಗಿತ್ತು' ಅಂದರು ಇಬ್ಬರೂ
ಒಂದೇ ಉಸಿರಿಗೆ,
ಆಮೇಲೆ ತಬ್ಬಿಬ್ಬಾಗಿ
ಉಪ್ಪಿನ ಡಬ್ಬಿ ನೋಡುತ್ತ ಕೂತರು.

ಹೊರಗೆ ಸರೋವರದ ಗಾಳಿ. ಎರಡು ಕಾರು.
ಅವನ ಲಸಾನ್ಯ ತುಂಬಿದ ಡಬ್ಬ ಹಿಡಿದು
ಹುಡುಗ ಹಿಮದಲ್ಲಿ ಜಾರುತ್ತ ಓಡಿಬಂದಾಗ
ವೆಂಡೆಲ್ ಆಗಲೇ ಹೊರಟಾಗಿತ್ತು.

ನನ್ನದಲ್ಲ ಅನ್ನಬಹುದಿತ್ತು ಅವಳು.
ಗಾಜಿಳಿಸಿ ತೆಗೆದುಕೊಂಡಳು.
ಪಕ್ಕದ ಸೀಟಿನಲ್ಲಿ ಡಬ್ಬ;
ಇಳಿಜಾರಿನ ತಿರುವಿನಲ್ಲಿ ಎಲ್ಲಿ ಬಿದ್ದೀತೋ ಎಂದು
ಮನೆಯವರೆಗೂ
ಒಂದು ಕೈ ಅದರ ಮೇಲೆ.