ಬಾದಾಮಿ ದಂಡಿ

ಸಮುದ್ರ ತೋರಸ್ತೀನಿ ಅಂದಿದ್ದೆ ಅಣ್ಣನ ಮಗ ಸಿದ್ರಾಮಗ.
ಅವನ ಪರೀಕ್ಷಾ ಮುಗದಿತ್ತು, ನನ್ನ ಮಗ್ಗದ ಹಾಸು ಮುಗದಿದ್ದಿಲ್ಲ.
ಕಾರವಾರಕ್ಕ ಎರಡು ದಿನ ಬೇಕು,
ನನ್ನ ಕಡೆ ಇದ್ದದ್ದು ಒಂದ ಐತವಾರ.
ಗುಳೇದಗುಡ್ಡದ ಸ್ಟ್ಯಾಂಡಿನ್ಯಾಗ ಮೊದಲು ಬಂದ ಬಸ್ಸು ಹತ್ತಿಸಿದೆ.
ಬೋರ್ಡು ಓದಿದ ಹುಡುಗ: "ಅತ್ತಿ, ಇದು ಬಾದಾಮಿ."
"ಅಲ್ಲೂ ನೀರೈತಿ, ಕುಂದ್ರು."

ಹೊಂಡ ನೋಡಿದ. ಹಸರಗೆ ಇತ್ತು.
ಪಾವಟಿಗಿ ಮ್ಯಾಲ ಹೆಣ್ಮಕ್ಕಳು ಅರಿವಿ ಒಗೀತಿದ್ರು.
ಒಬ್ಬಾಕಿ ಸೀರಿ ಬಡದ್ರ ಆ ಸಪ್ಪಳ ಎದುರಿನ ಗುಡ್ಡಕ್ಕ ಹೋಗಿ ತಾಗಿ
ವಾಪಸ್ ಬರೂದ್ರಾಗ ಆಕಿ ಇನ್ನೊಮ್ಮೆ ಎತ್ತಿರ್ತಿದ್ಲು.
ಒಂದು ಸೀರಿ, ಎರಡು ಸಪ್ಪಳ.
"ಇದಕ್ಕ ಅಲಿ ಎಲ್ಲೈತಿ?" ಅಂದ ಸಿದ್ರಾಮ.

ಭೂತನಾಥನ ಗುಡಿ ಕಟ್ಟಿ ಮ್ಯಾಲ ರೊಟ್ಟಿ ಗಂಟು ಬಿಚ್ಚಿದ್ವಿ.
ಮಂಗ್ಯಾ ಬಂದು ಶೇಂಗಾ ಹಿಂಡಿ ಬಿಟ್ಟು
ರೊಟ್ಟಿ ಅಷ್ಟ ಒಯ್ತು, ಖಾರ ತಿನ್ನೂದಿಲ್ಲಂತ ಅದು.
ಯಾವ ರಾಜ ಏನು ಕಟ್ಟಿಸಿದ ಅಂತ ಫಲಕದ ಮ್ಯಾಲ ಇತ್ತು;
ನಾ ಓದಿದ್ದು ಕಂಬದ ಅಂಚಿನ ಹೂವು.
ಖಣಕ್ಕ ಹಾಕಬಹುದೇನೋ ಅಂತ ಎಸಳು ಎಣಿಸಿದೆ, ಹದಿನಾರು.
ಹದಿನಾರು ನಮ್ಮ ಮಗ್ಗಕ್ಕ ಕೂಡೂದಿಲ್ಲ,
ಹನ್ನೆರಡಾದ್ರ ನೋಡಬಹುದು.

ಗುಡಿ ಆಚೆ ಕೆಂಪು ಗುಡ್ಡಕ್ಕ ಮನುಷ್ಯಾರು ಹಲ್ಲಿಯಂಗ ಅಂಟಿದ್ರು.
ಬೆರಳಿಗೆ ಬಿಳಿ ಪುಡಿ, ನಡಕ್ಕ ಪಟ್ಟಿ, ಒಂದು ನೀಲಿ ಹಗ್ಗ.
ಹಗ್ಗದ ಕೆಳಗಿನ ತುದಿ ಹಿಡದಾಂವ ದಾವಲಸಾಬ,
ಹಂಗಾಮಿನ್ಯಾಗ ಗೈಡು, ಉಳದ ದಿನ ಪಂಕ್ಚರ್ ತಿದ್ದತಾನ.
ಹುಡುಗ ಸರಸರ ಹತ್ತಿ ಇಳದ.
"ನೀವೂ ಹತ್ರಿ ಅಕ್ಕಾರ."
ಸೀರಿ ಉಟ್ಟೀನಿ ಅಂದೆ.
"ಕಚ್ಚಿ ಹಾಕ್ರಿ, ನಮ್ಮ ಅಮ್ಮಾ ಹುಣಸಿ ಗಿಡ ಹಂಗ ಹತ್ತತಾಳ."

ಮೂವತ್ತು ವರ್ಷ ನೂಲು ನಂಬಿ ಉಂಡಾಕಿ ನಾ.
ನೂಲಂದ್ರ ಕಡೀತೈತಿ. ದಿನಾ ಕಡೀತೈತಿ.
ಗಂಟು ಹಾಕಿ ಮುಂದ ನೇಯ್ತೀವಿ.
ಹಗ್ಗದ ಗಂಟು ಎರಡು ಸಲ ಜಗ್ಗಿ ನೋಡಿದೆ,
ಮೂರನೇ ಸಲಕ್ಕ ದಾವಲ ನಕ್ಕ.

"ಕೈ ಅಲ್ಲರಿ, ಕಾಲು ನಂಬ್ರಿ."
ಕುಣಿಮಗ್ಗದ ಕಾಲು ಅವು,
ಕಣ್ಣು ಕಾಣದಿದ್ರೂ ಮೆಟ್ಟು ಹುಡುಕತಾವು.
ಎರಡಾಳು ಎತ್ತರಕ್ಕ ಹೋಗಿ ಸಿಕ್ಕೊಂಡೆ:
ಮ್ಯಾಲ ಹಿಡ್ಯಾಕ ಏನೂ ಇಲ್ಲ, ಕೆಳಗ ನಾ ನೋಡೂದಿಲ್ಲ,
ಗಲ್ಲ ಗುಡ್ಡಕ್ಕ ಹಚ್ಚಿ ಹಂಗ ನಿಂತುಬಿಟ್ಟೆ.
ಕಲ್ಲು ಬಿಸಿ ಇತ್ತು. ಎದಿ ಲಾಳಿಯಂಗ ಅತ್ತ ಇತ್ತ.
ಆವಾಗ ಕೈಗೆ ಹತ್ತಿದ್ದು
ಕಲ್ಲಿನ್ಯಾಗ ಏರು ಇಳಿತ, ಏರು ಇಳಿತ,
ಬೆರಳಿನಷ್ಟ ಅಗಲ, ಒಂದರ ಬೆನ್ನಿಗೆ ಒಂದು,
ಹಿಂಡಿ ಬಿಚ್ಚದನ ಒಣಗಿಸಿದ ಸೀರಿಯಂಗ.

"ದಾವಲಾ, ಇದನ್ನ ಯಾರು ಕೆತ್ತ್ಯಾರೋ?"
ಅವನ ಉತ್ತರಾನೂ ಎರಡೆರಡು ಸಲ ಬಂತು:
"ನೀರು ಕೆತ್ತೇತ್ರಿ! ಕಾಲೇಜಿನವ್ರು ಬಂದಾಗ ಹೇಳ್ತಾರ,
ಇಲ್ಲಿ ಸಮುದ್ರದ ದಂಡಿ ಇತ್ತಂತ.
ಮೀನು ಸುದ್ದಾ ಹುಟ್ಟಿರಲಿಲ್ಲಂತ ಆವಾಗ."

ಮೀನಿಲ್ಲ, ದೋಣಿಯಿಲ್ಲ, ಹೆಸರಿಡಾಕ ಒಂದು ಬಾಯಿಲ್ಲ.
ಅಲಿ ಬಂದು, ಉಸುಕಿನ ಮ್ಯಾಲ ಗೆರಿ ಎಳದು
ಹೊಳ್ಳಿ ಹೋಗೇತಿ.
ಆ ಉಸುಕಿನ್ಯಾಗ ಆಮ್ಯಾಲ ಯಾರೋ ದೇವರ ಕಡದ್ರು,
ಆಮ್ಯಾಲ ಯಾರೋ ತೋಪು ತಂದಿಟ್ರು, ಅದಕ್ಕೂ ತುಕ್ಕು ಹತ್ತಿತು,
ಈಗ ನನ್ನ ಗಲ್ಲ.

ಇಳದ ಮ್ಯಾಲ ಸಿದ್ರಾಮಗ ತೋರಿಸಿದೆ, ಬುಡದಾಗೂ ಇತ್ತು ಆ ಗೆರಿ.
ಅಂವ ಮೊದಲು ಕಿವಿ ಹಚ್ಚಿದ. ಆಮ್ಯಾಲ ನಾಲಿಗಿ.
"ಉಪ್ಪಿಲ್ಲ ಅತ್ತಿ."
"ತೊಳದು ಹೋಗೇತಿ."
"ಯಾರು ತೊಳದ್ರು?"
ಪಾವಟಿಗಿ ಕಡೆ ನೋಡಿದೆ, ಆಕಿ ಇನ್ನೂ ಬಡೀತಿದ್ಲು.

ಸಂಜಿ ಬಸ್ಸಿನ್ಯಾಗ ನನಗ ಸೀಟು ಸಿಗಲಿಲ್ಲ.
ಮ್ಯಾಲಿನ ಸಳಿ ಹಿಡದು ನಿಂತಾಗ ಅಂಗೈ ಉರೀತಿತ್ತು,
ಯಾರೂ ನೋಡವಲ್ರು ಅಂತ ಒಮ್ಮೆ ನೆಕ್ಕಿದೆ.
ಐತಿ.
ಹೇಳೂಣಂದ್ರ ಹುಡುಗ ಚೀಲದ ಮ್ಯಾಲ ತಲಿ ಇಟ್ಟು ಮಲಗಿಬಿಟ್ಟಿದ್ದ,
ಅರ್ಧ ಟಿಕೀಟೋ ಪೂರಾನೋ ಅಂತ
ಕಂಡಕ್ಟರು ಕೇಳ್ಕೋತ ನಿಂತಿದ್ದ.